ಕಲ್ಲಿಗೆ ಬಾಗಿಲು ತೆಗೆದು ಅಕ್ಕಿಗೆ ಹಾಕಿದ್ಯಾಕೆ?

2024ರಲ್ಲಿ ಕುರುಗೋಡಿನ ದೊಡ್ಡಬಸವೇಶ್ವರ ತೇರಿಗೆ ಬಳ್ಳಾರಿಯಿಂದ ಮನೆಮಂದಿಯೆಲ್ಲ ಹೋಗಿದ್ವಿ. ಊಟ ಆದ್ಮೇಲೆ ಸಿರುಗುಪ್ಪದ ಮಾಮ ಶುರು ಹಚ್ಕೊಂಡ. "ಅಲ್ಲಪಾ, ಇಂಜಿನಿಯರಿಂಗ್ ಓದಿದಾವ ನೀನು, ಹೇಳು. ಸಂಡೂರಿನ ಕಲ್ಲು ಹೊರದೇಶಕ್ಕೆ ಹೋಗಬೋದಂತೆ, ನಾವು ಬೆಳೆದ ಸೋನಾ ಮಸೂರಿ ಹೋಗಂಗಿಲ್ಲಂತೆ. ಇದ್ಯಾವ ನ್ಯಾಯ?"

ಜಾವಾ ಬರೆಯೋವನಿಗೆ ಕೇಳೋ ಪ್ರಶ್ನೇನಾ ಇದು! ಆದ್ರೂ ತಲೇಲಿ ಕೂತುಬಿಡ್ತು.

ಮಾಮ ಹೇಳಿದ್ದು ಸುಳ್ಳಲ್ಲ. 2022ರ ಮೇ 20ರಂದು ಸುಪ್ರೀಂ ಕೋರ್ಟು ನಮ್ಮ ಕಡೆಯ ಅದಿರಿನ ರಫ್ತಿಗೆ ಒಪ್ಪಿತು. 2023ರ ಜುಲೈ 20ಕ್ಕೆ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸ್ತು. ಅದು ಮತ್ತೆ ತೆರೆದದ್ದು 2024ರ ಸೆಪ್ಟೆಂಬರಲ್ಲಿ.

ಮಜಾ ಅಂದ್ರೆ ಎರಡು ಬಾಗಿಲಿಗೂ ಬೀಗ ಒಂದೇ. ವಿಶ್ವ ವ್ಯಾಪಾರ ಸಂಸ್ಥೆಯ ಗ್ಯಾಟ್ ಒಪ್ಪಂದದ 11ನೇ ವಿಧಿ. ರಫ್ತಿಗೆ ಸುಂಕ ಹಾಕಿಕೋ, ನಿಷೇಧ ಹಾಕಬೇಡ ಅನ್ನುತ್ತೆ. (ಕೋರ್ಟು ಒಪ್ಪಿದ ಎರಡೇ ದಿನಕ್ಕೆ ಕೇಂದ್ರ ಅದಿರಿನ ರಫ್ತು ಸುಂಕ ಶೇ. 50ಕ್ಕೆ ಏರಿಸ್ತು, ನವೆಂಬರಲ್ಲಿ ಇಳಿಸ್ತು. ಅದಕ್ಕೆ ಅಡ್ಡಿಯಿಲ್ಲ!) ಆಹಾರಕ್ಕೆ ತೀರಾ ಕೊರತೆ ಬಂದ್ರೆ ಸ್ವಲ್ಪ ಕಾಲ ನಿಲ್ಲಿಸಬಹುದು ಅನ್ನೋ ಕಿಂಡಿ ಅದರಲ್ಲೇ ಇದೆ. ಅದಿರಿಗೆ ಬೇರೆ ಕಿಂಡಿ, 20ನೇ ವಿಧಿಯಲ್ಲಿ. ಮುಗಿದುಹೋಗೋ ಸಂಪತ್ತನ್ನ ಉಳಿಸೋಕೆ ತಡೀಬಹುದು, ಆದ್ರೆ ಒಳಗಿನವರಿಗೂ ಮಿತಿ ಹಾಕಿರಬೇಕು. 2014ರಲ್ಲಿ ಅಪರೂಪದ ಖನಿಜಗಳ ಕೇಸಲ್ಲಿ ಚೀನಾ ಸೋತದ್ದು ಇಲ್ಲೇ. ಪರಿಸರದ ಹೆಸರು ಹೇಳಿ ಹೊರಗಿನವರಿಗೆ ಕಡಿಮೆ ಮಾಡಿ, ತನ್ನ ಕಾರ್ಖಾನೆಗಳಿಗೆ ಅನುಕೂಲ ಮಾಡಿಕೊಡ್ತಿದೆ ಅಂತ ತೀರ್ಪು ಬಂತು.

ತೀರ್ಪು ಕೊಟ್ಟದ್ದು ವ್ಯಾಪಾರದವರು ಅನ್ನೋದನ್ನ ಗಮನಿಸಿ. ವಿಶ್ವಸಂಸ್ಥೆಯ ಪರಿಸರ ವಿಭಾಗ 1972ರಲ್ಲೇ ಹುಟ್ಟಿದ್ರೂ ಅದಕ್ಕೆ ಇಂಥ ಕೋರ್ಟಿಲ್ಲ. ಹಾಗಾಗಿ ಗುಡ್ಡ ಯಾಕೆ ಉಳೀಬೇಕು ಅನ್ನೋದನ್ನೂ ಅಂಗಡಿಯವರೇ ಅರ್ಥ ಮಾಡಬೇಕು. ಇದು ತಪ್ಪು ಅಂತ್ಲೇ ನನ್ನ ಅಭಿಪ್ರಾಯ. ಆದ್ರೂ ಆ ಒಂದು ಷರತ್ತು ನನಗೆ ಹಿಡಿಸ್ತು.

ಯಾಕಂದ್ರೆ ಬಳ್ಳಾರಿ ಗೊತ್ತಿಲ್ಲದೇ ಅದನ್ನ ಪಾಲಿಸಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸ್ತು. ಅಷ್ಟಕ್ಕೇ ಬಿಟ್ಟಿದ್ರೆ ನಮ್ಮದೂ ಚೀನಾದ ಕಥೆಯೇ. ಆದ್ರೆ 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಅಗೆಯೋದನ್ನೇ ನಿಲ್ಲಿಸ್ತು. 2013ರ ತೀರ್ಪಿನಲ್ಲಿ 51 ಗುತ್ತಿಗೆ ರದ್ದಾಗಿ, ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಬಂತು. ಯಾವ ದೇಶವೂ ನಮ್ಮ ಮೇಲೆ ಕೇಸು ಹಾಕಲಿಲ್ಲ.

ಚಿಕ್ಕವನಿದ್ದಾಗ ಹೊಸಪೇಟೆ ರಸ್ತೇಲಿ ಬಸ್ಸಿನ ಕಿಟಕಿ ಮುಚ್ಚಿದ್ರೂ ಅಂಗಿ ಕೆಂಪಾಗ್ತಿತ್ತು. ಮುಂದಿನ ಲಾರಿ ಬಂದರಿಗೋ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ.. ಧೂಳಿಗೆ ಅದೆಲ್ಲ ಗೊತ್ತಿರಲ್ಲ. ಅದಕ್ಕೇ 2022ರಲ್ಲಿ ರಫ್ತು ತೆರೆದದ್ದಕ್ಕೆ ನನಗೆ ಅಂಥ ಸಿಟ್ಟಿಲ್ಲ. ಸಿಟ್ಟಿರೋದು ಆ ಮಿತಿ 2017ರಲ್ಲಿ 2.8 ಕೋಟಿ, 2022ರ ಆಗಸ್ಟಿನಲ್ಲಿ 3.5 ಕೋಟಿ ಟನ್ ಆದದ್ದಕ್ಕೆ. ರಫ್ತಿನ ಬಗ್ಗೆ ಟೀ ಅಂಗಡೀಲಿ ವಾದ ಮಾಡಿದ ನನ್ನ ಗೆಳೆಯರು ಇದರ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನೂ ಸೇರಿ. ಈಗ 2026ರಿಂದ ಯುರೋಪು ತಾನು ತರಿಸಿಕೊಳ್ಳೋ ಉಕ್ಕಿನ ಮೇಲೆ ಇಂಗಾಲದ ಶುಲ್ಕ ಶುರು ಮಾಡಿದೆ. ಹೊಗೆ ಎಣಿಸ್ತಾರೆ, ಗುಡ್ಡ ಎಣಿಸೋರಿಲ್ಲ.

ಇದನ್ನೆಲ್ಲ ಫೋನಲ್ಲಿ ಮಾಮನಿಗೆ ವಿವರಿಸಿ, ಸುಮ್ನಿರಲಾರದೆ ಇನ್ನೊಂದು ಸೇರಿಸಿದೆ. ಅಕ್ಕಿಯ ಬಗ್ಗೆ ಆ ನಿಯಮ ಕೇಳೋದು ಊಟಕ್ಕೆ ಕೊರತೆ ಇದೆಯಾ ಅಂತ ಮಾತ್ರ, ಅದಕ್ಕೆ ಕುಡಿಸಿದ ತುಂಗಭದ್ರೆ ಎಷ್ಟು ಅಂತ ಅಲ್ಲ. 133 ಟಿಎಂಸಿ ಹಿಡೀತಿದ್ದ ಡ್ಯಾಮು ಹೂಳು ತುಂಬಿ 105ಕ್ಕೆ ಬಂದಿದೆ. ಅದಿರಿನ ಹಂಗೆ ನೀರಿಗೂ ಒಂದು ಮಿತಿ ಬೇಕಲ್ವಾ ಅಂದೆ.

ಮಾಮ ಒಂದು ಕ್ಷಣ ಸುಮ್ಮನಾದ. ಆಮೇಲೆ, "ಹಂಗಾದ್ರ ಯಾರ ಕಾಲುವಿ ಮೊದ್ಲು ಬಂದ್ ಮಾಡ್ತಿಯಪಾ, ನಮ್ದಾ?" ಅಂದ.

ಉತ್ತರ ಹೊಳೀಲಿಲ್ಲ. ನಿಮಗೇನಾದ್ರೂ ಹೊಳೆದ್ರೆ ಹೇಳಿ, ಮುಂದಿನ ತೇರಿಗೆ ಹೋದಾಗ ಬೇಕಾಗುತ್ತೆ.