ಹಳೇ ಟ್ರ್ಯಾಕ್ಟರ್‌ಗೆ ಟರ್ಬೊ
ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಗಂಗಾವತಿ, ಕಾರಟಗಿ ಸೀಮೆಯ ಟ್ರ್ಯಾಕ್ಟರ್‌ಗಳ ಕಸುವು ಏನೆಂದು ಗೊತ್ತಾಗುತ್ತದೆ. ಕೇಜ್ ವೀಲ್ ಹಾಕಿಕೊಂಡು ಎರೆಮಣ್ಣಿನ ಕೆಸರಿಗಿಳಿದ ಹಳೇ ಎಂಜಿನ್ ಗುಕ್ಕೆಂದು ಕಪ್ಪು ಹೊಗೆ ಉಗುಳಿದಾಗ, ಇದಕ್ಕೊಂದು ಟರ್ಬೊ ಕೂರಿಸಿಬಿಡೋಣ ಅನ್ನುವ ಆಸೆ ಹುಟ್ಟುವುದು ಸಹಜ. ಆದರೆ ಆ ಹೊಗೆಗೆ ಕಾರಣ ಧೂಳು ತುಂಬಿದ ಏರ್ ಕ್ಲೀನರೋ, ಸವೆದ ನಾಜಲ್ಲೋ ಇರಬಹುದು. ಮೊದಲು ಅದನ್ನು ನೋಡಿಸಿ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸಕ್ಕೇ ತಿರುಗುವ ಟರ್ಬೊ ನಿಮಿಷಕ್ಕೆ 1 ಲಕ್ಷ ಸುತ್ತು ದಾಟಬಲ್ಲದು, ಅದರ ಬೇರಿಂಗನ್ನು ಕಾಯುವುದು ಆಯಿಲ್‌ನ ತೆಳುವಾದ ಪದರ. ಟರ್ಬೊ ಎಂಜಿನ್ನಿನೊಳಗೆ ನೂಕುವ ಗಾಳಿ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು, ಶಾಖವೂ ಹೆಚ್ಚು. ಪಿಸ್ಟನ್, ಹೆಡ್ ಗ್ಯಾಸ್ಕೆಟ್, ರೇಡಿಯೇಟರ್ ಅದನ್ನು ತಾಳಬೇಕು. ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವ, ಮಜ್ದಾ ಕಂಪನಿಯ ರೋಟರಿ ಎಂಜಿನ್ ಕಾರುಗಳಲ್ಲೂ ಇದೇ ಪಾಠವಿದೆ. 2002ರವರೆಗೆ ಬಂದ ಕೊನೆಯ ಆರ್‌ಎಕ್ಸ್-7ಕ್ಕೆ ಕಾರ್ಖಾನೆಯಲ್ಲೇ ಎರಡು ಟರ್ಬೊ: ಕಡಿಮೆ ವೇಗಕ್ಕೆ ಒಂದು, ವೇಗ ಏರಿದಾಗ ಜೊತೆಗೆ ಇನ್ನೊಂದು. ಅದರ ಮುಂದಿನ ಆರ್‌ಎಕ್ಸ್-8ಕ್ಕೆ ಟರ್ಬೊ ಇರಲಿಲ್ಲ, ಎಂಜಿನ್ನಿನ ಕಂಪ್ರೆಷನ್ ಕೂಡ ಹೆಚ್ಚು, 10ಕ್ಕೆ 1. ಅದಕ್ಕೆ ಹೊರಗಿನಿಂದ ತಂದ ಟರ್ಬೊ ಜೋಡಿಸಿ ಪೆಟ್ರೋಲ್ ಲೆಕ್ಕ ತಪ್ಪಿದರೆ, ಒಳಗಿನ ತ್ರಿಕೋನ ರೋಟರಿನ ತುದಿಯ ಸೀಲುಗಳೇ ಒಡೆದುಹೋಗುತ್ತವೆ. ನಮ್ಮ ಡೀಸೆಲ್ ಎಂಜಿನ್ ಅಷ್ಟು ನಾಜೂಕಿನದಲ್ಲ. ಆದರೂ ಟರ್ಬೊ ಹಾಕಿಸಿದವರು ಗದ್ದೆಯಿಂದ ಮೇಲೆ ಬಂದ ತಕ್ಷಣ ಎಂಜಿನ್ ಬಂದ್ ಮಾಡಬೇಡಿ. ಎರಡು ಮೂರು ನಿಮಿಷ ನಿಧಾನಗತಿಯಲ್ಲಿ ಓಡಲಿ, ಇಲ್ಲವಾದರೆ ಕಾದ ಬೇರಿಂಗಿನಲ್ಲಿ ನಿಂತ ಆಯಿಲ್ ಕರಕಾಗುತ್ತದೆ.