ಹುಲಿಹಲ್ಲಿನ ರಾಜಮಾತೆ

ಚೀನಾದ ಪಿಂಗಾಣಿ ಬೊಂಬೆಗಳಲ್ಲಿ, ಚಿತ್ರಪಟಗಳಲ್ಲಿ ಕಾಣುವ ಶೀ ವಾಂಗ್‌ಮು ಪೀಚ್ ಹಣ್ಣುಗಳ ಒಡತಿ, ಸೌಮ್ಯಮುಖದ ರಾಜಮಾತೆ. ಪಶ್ಚಿಮದ ಕುನ್‌ಲುನ್ ಪರ್ವತದಲ್ಲಿ ಅವಳ ವಾಸ. ಅವಳ ತೋಟದ ಹಣ್ಣು ತಿಂದವರಿಗೆ ಸಾವಿಲ್ಲ. ಆದರೆ ‘ಶಾನ್‌ಹೈಜಿಂಗ್’ ಎಂಬ ಪ್ರಾಚೀನ ಗ್ರಂಥದಲ್ಲಿ ಅವಳಿಗೆ ಚಿರತೆಯ ಬಾಲ, ಹುಲಿಯ ಹಲ್ಲು, ಕೆದರಿದ ಕೂದಲು. ಆಕಾಶದಿಂದ ಇಳಿಯುವ ಪಿಡುಗು, ದಂಡನೆಗಳ ಉಸ್ತುವಾರಿ ಅವಳದು. ಪುರಾಣಗಳ ಬಗ್ಗೆ ಪತ್ರಿಕೆಗಳಿಗೆ ಬರುವ ಲೇಖನಗಳಲ್ಲಿ ‘ಉಗ್ರದೇವತೆ ಕಾಲಕ್ರಮೇಣ ಸೌಮ್ಯಳಾದಳು’ ಎಂಬ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ಇಲ್ಲಿ ಆ ವಾಕ್ಯ ಸಾಲದು. ಸಾವನ್ನು ಕಳಿಸುವ ಅಧಿಕಾರ ಇದ್ದುದರಿಂದಲೇ ಅದನ್ನು ತಡೆಹಿಡಿಯುವ ಅಧಿಕಾರವೂ ಜನರ ಕಣ್ಣಲ್ಲಿ ಅವಳದಾಯಿತು.

ಕ್ರಿ.ಪೂ. 3ರಲ್ಲಿ ನಡೆದದ್ದನ್ನು ನೋಡಿ. ಹಾನ್ ಸಾಮ್ರಾಜ್ಯದಲ್ಲಿ ಬರ. ಜನ ಹುಲ್ಲಿನ, ಸೆಣಬಿನ ಕಡ್ಡಿಗಳನ್ನು ರಾಜಮಾತೆಯ ಗುರುತೆಂದು ಕೈಯಿಂದ ಕೈಗೆ ದಾಟಿಸುತ್ತ ಊರೂರು ದಾಟಿ ಓಡಿದರು. ಕೆಲವರು ಬರಿಗಾಲಲ್ಲಿ, ತಲೆಗೂದಲು ಕೆದರಿಕೊಂಡು. ಕೆಲವರು ರಾತ್ರಿ ಬಾಗಿಲು ಮುರಿದು, ಗೋಡೆ ಹಾರಿ. ರಾಜಧಾನಿ ಚಾಂಗ್‌ಆನ್‌ನ ಓಣಿಗಳಲ್ಲಿ ಹಾಡು, ಕುಣಿತ. ಈ ಬರಹವನ್ನು ಧರಿಸಿದವರು ಸಾಯುವುದಿಲ್ಲ, ನಂಬದವರು ಬಾಗಿಲ ತಿರುಗಣಿಯ ಕೆಳಗೆ ನೋಡಲಿ, ಬಿಳಿಕೂದಲು ಸಿಗುತ್ತದೆ ಎಂದು ಬರೆದ ಸಂದೇಶ ಹರಡಿತೆಂದು ‘ಹಾನ್‌ಶು’ ಎಂಬ ಇತಿಹಾಸಗ್ರಂಥ ದಾಖಲಿಸುತ್ತದೆ. ಶರತ್ಕಾಲಕ್ಕೆ ಗದ್ದಲ ಅಡಗಿತು. ಹಸಿವಿಗೆ ಹೆದರಿದ ಜನ ಅವಳಲ್ಲಿ ಬೇಡಿದ್ದು ಸ್ವರ್ಗಸುಖವನ್ನಲ್ಲ. ಬಂದಿರುವ ವಿಪತ್ತು ತಮ್ಮನ್ನು ಬಿಟ್ಟುಹೋಗಲಿ ಎಂದಷ್ಟೆ. ಅಮರತ್ವದ ಮಾತು ಇಲ್ಲಿ ಪಿಡುಗಿನಿಂದ ವಿನಾಯಿತಿಯ ಮಾತೇ ಆಗಿದೆ.

‘ಶಾನ್‌ಹೈಜಿಂಗ್’ ಹಲವು ಕೈಗಳು ಹಲವು ಶತಮಾನ ಕೂಡಿಸಿದ ಗ್ರಂಥ, ಉಗ್ರರೂಪವೇ ಹಳೆಯದೆಂದು ಹೇಳಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಎರಡೂ ರೂಪ ಒಟ್ಟಿಗೇ ಇದ್ದವೆಂದಾದರೆ ನಮ್ಮ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು ಆಕ್ಷೇಪ ದಾವ್ ಪಂಥದ ‘ಜುವಾಂಗ್‌ಜಿ’ ಗ್ರಂಥದ್ದು: ಅಲ್ಲಿ ಅವಳು ದಾವ್ ಎಂಬ ಮೂಲತತ್ವವನ್ನು ಪಡೆದವಳು, ಆದಿ-ಅಂತ್ಯ ಯಾರಿಗೂ ತಿಳಿಯದವಳು, ಪಿಡುಗಿನ ಸೋಂಕಿಲ್ಲ. ಸರಿ, ಆದರೆ ತನಗೆ ಸಾವಿಲ್ಲದಿರುವುದು ಬೇರೆ, ಇನ್ನೊಬ್ಬರ ಸಾವನ್ನು ತಡೆಯುವುದು ಬೇರೆ. ದಾವ್ ಪಂಥದಲ್ಲಿ ಅಮರತ್ವ ಸ್ವಂತ ಸಾಧನೆಯ ಫಲವಲ್ಲವೇ ಎಂದು ಕೇಳಿದರೆ, ತಾಂಗ್ ಕಾಲದ ಕೊನೆಯಲ್ಲಿ ಬಾಳಿದ ದಾವ್ ಪಂಥದ ಲೇಖಕ ದು ಗ್ವಾಂಗ್‌ತಿಂಗ್ ಬರೆದದ್ದನ್ನು ನೆನೆಯಬೇಕು: ಸಾಧಿಸಿ ಮೇಲೇರುವವರೂ ಮೊದಲು ಅವಳ ದರ್ಶನ ಮಾಡಿಯೇ ಮುಂದೆ ಹೋಗಬೇಕು. ಸಾಧನೆ ನಿಮ್ಮದು, ಮೊಹರು ಅವಳದು.

ಮೊಹರನ್ನು ಅವಳು ಸುಲಭವಾಗಿ ಒತ್ತುವುದೂ ಇಲ್ಲ. ದಂತಕಥೆಯಲ್ಲಿ ಹಾನ್ ಚಕ್ರವರ್ತಿ ವೂ ಅವಳು ಕೊಟ್ಟ ಪೀಚ್ ತಿಂದು ಬೀಜಗಳನ್ನು ಜೋಪಾನವಾಗಿ ಎತ್ತಿಡುತ್ತಾನೆ. ಯಾಕೆ ಎಂದರೆ, ನೆಡಲು! ಇದು ಮೂರು ಸಾವಿರ ವರ್ಷಕ್ಕೊಮ್ಮೆ ಫಲ ಕೊಡುವ ಮರವೆಂದು ಅವಳು ನಗುತ್ತಾಳೆ. ಇತಿಹಾಸದ ವೂ ಕ್ರಿ.ಪೂ. 87ರಲ್ಲಿ ತೀರಿಕೊಂಡ. ಹದಿನಾರನೆಯ ಶತಮಾನದ ‘ಪಶ್ಚಿಮ ಯಾತ್ರೆ’ ಕಾದಂಬರಿಯ ವಾನರ ಸುನ್ ವುಕಾಂಗ್‌ನದು ಇನ್ನೊಂದೇ ದಾರಿ. ಯಮಲೋಕದ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಹೊಡೆದುಹಾಕಿದವನು, ಮುಂದೆ ರಾಜಮಾತೆಯ ತೋಟ ಕಾಯುತ್ತಲೇ ಹಣ್ಣನ್ನೂ ಕದ್ದು ತಿನ್ನುತ್ತಾನೆ. ಅಪ್ಪಣೆ ಇಲ್ಲದೆ ಅಮರನಾದವನ ಮೇಲೆ ಸ್ವರ್ಗ ಸೈನ್ಯವನ್ನೇ ಕಳಿಸುತ್ತದೆ. ಅವನನ್ನು ಕೊಲ್ಲಲಾಗುವುದಿಲ್ಲ, ಬುದ್ಧನೇ ಬಂದು ಬೆಟ್ಟದಡಿ ಹೂತಿಡಬೇಕಾಗುತ್ತದೆ.