ಮಾರ್ಚ್‌ನಲ್ಲಿ ಗೆದ್ದೋರು, ಏಪ್ರಿಲ್‌ನಲ್ಲಿ ಖಾಲಿ

1/6
ಪ್ರತಿ ಮಾರ್ಚ್‌ನಲ್ಲೂ ನಿಮ್ಮ ಫೀಡ್‌ಗೆ ಒಂದು ರೀಲ್ ಬಂದೇ ಬರತ್ತೆ. ಅಮೆರಿಕದ ಯಾವುದೋ ಹೆಸರೇ ಕೇಳದ ಕಾಲೇಜು, ಎದುರಿಗೆ ಭಾರೀ ಟೀಮ್, ಕೊನೇ ಸೆಕೆಂಡ್ ಶಾಟ್, ಬೆಂಚ್ ಮೇಲಿದ್ದ ಹುಡುಗರೆಲ್ಲ ಕೋರ್ಟ್‌ಗೆ ನುಗ್ತಾರೆ. ಅದೇ ಮಾರ್ಚ್ ಮ್ಯಾಡ್‌ನೆಸ್. ಸೀಸನ್ ಮುಗಿದ ಮೇಲೆ 68 ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳ ಟೂರ್ನಿ, ಒಂದು ಸೋತ್ರೆ ಮನೆಗೆ. ಆ ರೀಲ್ ಕೆಳಗೆ ಯಾವಾಗಲೂ ಒಂದೇ ಕಮೆಂಟ್: ಇನ್ನು ನೋಡ್ತಿರಿ, ಈ ಕಾಲೇಜಿಗೆ ಒಳ್ಳೊಳ್ಳೆ ಪ್ಲೇಯರ್ಸ್ ಕ್ಯೂ ನಿಲ್ತಾರೆ.
ನಾನು ಹೇಳ್ತೀನಿ, ನಿಲ್ಲಲ್ಲ. ಇರೋರೇ ಹೊರಟು ಹೋಗ್ತಾರೆ. ಆದರೆ ಹೋದ ಹುಡುಗರನ್ನ ಬೈಯೋಕೆ ಮುಂಚೆ ಆರೂ ಭಾಗ ಓದಿ.

2/6
ಆ ಕಮೆಂಟ್ ಒಂದು ಕಾಲದಲ್ಲಿ ನಿಜವಾಗಿತ್ತು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಲ್ಲಿ ಗೊನ್ಜಾಗಾ ಅಂತ ಒಂದು ವಿಶ್ವವಿದ್ಯಾಲಯ ಇದೆ. 1999ರಲ್ಲಿ ಅದು ಯಾರೂ ಊಹಿಸದೆ ಕೊನೆಯ 8 ತಂಡಗಳಲ್ಲಿ ಒಂದಾಯ್ತು. ಅದೇ ವರ್ಷ ಮಾರ್ಕ್ ಫ್ಯೂ ಹೆಡ್ ಕೋಚ್ ಆದರು, ಆಮೇಲೆ ಬೇರೆ ಕಡೆ ಹೋಗಲೇ ಇಲ್ಲ. 2004ರಲ್ಲಿ ಹೊಸ ಅರೀನಾ ಬಂತು. 2017 ಮತ್ತು 2021ರಲ್ಲಿ ಫೈನಲ್ ಆಡಿದರು. 2021ರಲ್ಲಿ ಹೈಸ್ಕೂಲ್ ಮುಗಿಸಿದವರ ಪೈಕಿ ಅಗ್ರ ಶ್ರೇಯಾಂಕದಲ್ಲಿದ್ದ ಚೆಟ್ ಹೋಮ್‌ಗ್ರೆನ್ ಆರಿಸಿಕೊಂಡಿದ್ದೂ ಇದೇ ಕಾಲೇಜನ್ನ.
ಲೆಕ್ಕ ಸಿಂಪಲ್. ಮಾರ್ಚ್‌ನಲ್ಲಿ ಆಡಿದ್ರೆ ಇಡೀ ದೇಶ ಟಿವಿಯಲ್ಲಿ ನೋಡತ್ತೆ, ಎನ್‌ಬಿಎ ಸ್ಕೌಟ್‌ಗಳೂ ನೋಡ್ತಾರೆ. ಹಾಗಾಗಿ ಗೆಲುವು ಹುಡುಗರನ್ನ ತರತ್ತೆ, ಬಂದ ಹುಡುಗರು ಇನ್ನೊಂದು ಗೆಲುವು ತರ್ತಾರೆ. ಆದರೆ ಈ ಚಕ್ರ ತಿರುಗೋಕೆ ಟೈಮ್ ಬೇಕು. ಗೊನ್ಜಾಗಾಗೆ ಎರಡು ದಶಕ ಸಿಕ್ತು.

3/6
ಈಗ ಸೇಂಟ್ ಪೀಟರ್ಸ್ ನೋಡಿ. ನ್ಯೂಜೆರ್ಸಿಯ ಜೆರ್ಸಿ ಸಿಟಿಯ ಪುಟ್ಟ ವಿಶ್ವವಿದ್ಯಾಲಯ. 2022ರಲ್ಲಿ 15ನೇ ಸೀಡ್, ಅಂದ್ರೆ ತನ್ನ 16 ತಂಡಗಳ ಗುಂಪಲ್ಲಿ ಕೊನೆಯಿಂದ ಎರಡನೇದು. ಮೊದಲು ಕೆಂಟಕಿಯನ್ನ ಸೋಲಿಸಿದರು, ಆಮೇಲೆ ಪರ್ಡ್ಯೂ. 15ನೇ ಸೀಡ್ ತಂಡ ಕೊನೆಯ 8ಕ್ಕೆ ಬಂದಿದ್ದು ಇತಿಹಾಸದಲ್ಲೇ ಮೊದಲು.
ಇದಕ್ಕಿಂತ ದೊಡ್ಡ ಜಾಹೀರಾತು ಉಂಟಾ? ಕೆಲವೇ ದಿನಗಳಲ್ಲಿ ಕೋಚ್ ಶಾಹೀನ್ ಹಾಲೋವೇ ಸೀಟನ್ ಹಾಲ್‌ಗೆ ಹೋದರು. ಡಗ್ ಎಡರ್ಟ್, ಡೇರಿಲ್ ಬ್ಯಾಂಕ್ಸ್, ಕೆಸಿ ಎನ್ಡೆಫೋ, ಹೀಗೆ ಮುಖ್ಯ ಆಟಗಾರರೆಲ್ಲ ಬೇರೆ ಬೇರೆ ಕಾಲೇಜು ಸೇರಿದರು. ಗೆದ್ದಿದ್ದು ಸೇಂಟ್ ಪೀಟರ್ಸ್, ರಿಕ್ರೂಟ್‌ಮೆಂಟ್ ಆಗಿದ್ದು ಬೇರೆಯವರಿಗೆ.

4/6
1999ಕ್ಕೂ 2022ಕ್ಕೂ ಮಧ್ಯೆ ಏನಾಯ್ತು? ನಿಯಮ ಬದಲಾಯ್ತು. ಮೊದಲು ಕಾಲೇಜು ಬಿಟ್ಟು ಹೋದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಹೋಗಿ ತಕ್ಷಣ ಆಡಬಹುದು ಅಂದರು, 2024ರಲ್ಲಿ ಎಷ್ಟು ಸಲ ಬೇಕಾದ್ರೂ ಅಂತ ಆಯ್ತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಫೋಟೋದಿಂದ ದುಡ್ಡು ಮಾಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಎಲ್ಲ ಕ್ರೀಡೆ ಸೇರಿ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆ ಮಿತಿ ಮುಟ್ಟೋ ತಾಕತ್ತು ಯಾರಿಗಿದೆ ಅಂತ ನೀವೇ ಯೋಚಿಸಿ.
ಬಿಕಾಂ ಬಳಗಕ್ಕೆ ಒಂದು ಪ್ರಶ್ನೆ: ಗುಡ್‌ವಿಲ್ ಬಗ್ಗೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಏನು ಹೇಳತ್ತೆ? ತಾನೇ ಬೆಳೆಸಿದ ಗುಡ್‌ವಿಲ್‌ನ ಆಸ್ತಿ ಅಂತ ತೋರಿಸೋ ಹಾಗಿಲ್ಲ, ಯಾಕಂದ್ರೆ ಅದು ನಿನ್ನ ಹಿಡಿತದಲ್ಲಿಲ್ಲ. ಸಣ್ಣ ಕಾಲೇಜಿನ ಮಾರ್ಚ್ ಗೆಲುವು ಅಂಥದ್ದೇ. ಬೆಳೆಸಿದ್ದು ಇವರು, ಆದರೆ ಅದು ಕೋಚ್ ಜೊತೆ, ಹುಡುಗರ ಜೊತೆ ಗೇಟ್ ದಾಟಿ ಹೋಗತ್ತೆ.

5/6
2025ರ ಚಾಂಪಿಯನ್ ಫ್ಲೋರಿಡಾ. ಅದರ ಮೂವರು ಸ್ಟಾರ್ಟಿಂಗ್ ಗಾರ್ಡ್‌ಗಳು ಎಲ್ಲಿಂದ ಬಂದೋರು? ವಾಲ್ಟರ್ ಕ್ಲೇಟನ್ ಅಯೋನಾದಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲಿಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ. ಆ ಫ್ಲೋರಿಡಾ ಅಟ್ಲಾಂಟಿಕ್ 2023ರಲ್ಲಿ ಕೊನೆಯ 4ಕ್ಕೆ ಬಂದು ಎಲ್ಲರ ಬಾಯಲ್ಲಿದ್ದ ತಂಡ. ಅದರ ಕೋಚ್ ಡಸ್ಟಿ ಮೇ 2024ರಲ್ಲಿ ಮಿಷಿಗನ್‌ಗೆ ಹೋದರು. 2025ರಲ್ಲಿ ಕೊನೆಯ 16ಕ್ಕೆ ಬಂದ ತಂಡಗಳೆಲ್ಲ ನಾಲ್ಕೇ ದೊಡ್ಡ ಕಾನ್ಫರೆನ್ಸ್‌ಗಳವು. ಗೆಲುವು ಈಗಲೂ ಹುಡುಗರನ್ನ ತರತ್ತೆ, ಆದರೆ ದುಡ್ಡಿರೋರ ಮನೆಗೆ ಮಾತ್ರ.
ಇದನ್ನ ನೋಡಿ "ನಿಯತ್ತಿಲ್ಲದ ಹುಡುಗರು" ಅಂತ ಬರೆಯೋರಿಗೆ ನೇರವಾಗಿ ಕೇಳ್ತೀನಿ. ಕೋಚ್‌ಗಳು ದಶಕಗಳಿಂದ ಗೆದ್ದ ತಕ್ಷಣ ದೊಡ್ಡ ಸಂಬಳಕ್ಕೆ ಹೋಗ್ತಾನೇ ಇದ್ರಲ್ಲ, ಅದನ್ನ ಪ್ರಮೋಷನ್ ಅಂದ್ರಿ. 20 ವರ್ಷದ ಹುಡುಗ ಅದನ್ನೇ ಮಾಡಿದ್ರೆ ದ್ರೋಹನಾ? ಅವನ ಮೊಣಕಾಲು ಎಷ್ಟು ವರ್ಷ ಬಾಳತ್ತೆ ಅಂತ ಗ್ಯಾರಂಟಿ ಕೊಡೋರು ಯಾರು? ಹಳೇ ನಿಯಮ ತನ್ನಿ ಅನ್ನೋದು ಅವನ ಕೈಗೆ ಮತ್ತೆ ಹಗ್ಗ ಕಟ್ಟಿ ಅಂದ ಹಾಗೆ.

6/6
ಸರಿ, ಏನು ಮಾಡಬೇಕು? ದಾರಿ ಹೊಸದೇನಲ್ಲ. ಕೋಚ್ ಒಪ್ಪಂದ ಮುರಿದು ಹೋದ್ರೆ ಹಳೇ ಕಾಲೇಜಿಗೆ ಬೈಔಟ್ ದುಡ್ಡು ಬರೋದು ಅಲ್ಲಿ ಮಾಮೂಲು. ಫುಟ್‌ಬಾಲ್‌ನಲ್ಲಿ ಫಿಫಾ ನಿಯಮದ ಪ್ರಕಾರ ವರ್ಗಾವಣೆ ಮೊತ್ತದ 5% ತನಕ, ಆ ಆಟಗಾರನನ್ನ 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗತ್ತೆ. ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮಾತ್ರ ಬೆಳೆಸಿದವರಿಗೆ ಹೀಗೆ ಪಾಲು ಕೊಡಿಸೋ ಎನ್‌ಸಿಎಎ ನಿಯಮ ಇಲ್ಲ.
ಟೂರ್ನಿ ದುಡ್ಡು ಬರಲ್ವಾ ಅಂತೀರಾ? ಬರತ್ತೆ. ಆದರೆ ಅದು ಕಾನ್ಫರೆನ್ಸ್‌ಗೆ ಹೋಗತ್ತೆ, ಆರು ವರ್ಷ ಕಂತಲ್ಲಿ, ಆಮೇಲೆ ಎಲ್ಲ ಸದಸ್ಯರ ನಡುವೆ ಹಂಚಿಕೆ.
ನನ್ನ ವಾದ ಇಷ್ಟೇ. ಹುಡುಗ ಸ್ವತಂತ್ರವಾಗಿ ಹೋಗಲಿ, ಅವನ ದುಡ್ಡಲ್ಲಿ ಒಂದು ಪೈಸೆ ಕಡಿಯಬೇಡಿ. ಕರೆದುಕೊಂಡು ಹೋಗೋ ದೊಡ್ಡ ಕಾಲೇಜು ತನ್ನ ಜೇಬಿಂದ ಬೆಳೆಸಿದವರಿಗೆ ಕೊಡಲಿ. ಕೊಂಡ ಗುಡ್‌ವಿಲ್‌ಗೆ ಬೆಲೆ ಕಟ್ಟಲೇಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರಲ್ಲ. ಇವರು ಗುಡ್‌ವಿಲ್ ಕೊಳ್ತಾರೆ, ಮಾರಿದವನಿಗೆ ಬಿಲ್ ಕಟ್ಟಲ್ಲ.
ಮುಂದಿನ ಮಾರ್ಚ್‌ನಲ್ಲಿ ಆ ರೀಲ್ ಮತ್ತೆ ಬರತ್ತೆ. ಶೇರ್ ಮಾಡಿ, ಖುಷಿಪಡಿ. ಜೊತೆಗೆ ಅದೇ ಟೀಮ್ ಏಪ್ರಿಲ್ ಕೊನೆಗೆ ಹೇಗಿದೆ ಅಂತಾನೂ ಒಂದ್ಸಲ ನೋಡಿ. ಒಪ್ಪದೋರು ಕಮೆಂಟ್‌ಗೆ ಬನ್ನಿ, ಆದರೆ ಹುಡುಗರನ್ನ ಬೈಯೋಕಲ್ಲ, ಲೆಕ್ಕ ತಗೊಂಡು ಬನ್ನಿ.

#ಮಾರ್ಚ್‌ಮ್ಯಾಡ್‌ನೆಸ್ #ಕಾಲೇಜುಬಾಸ್ಕೆಟ್‌ಬಾಲ್ #ಬಿಕಾಂಲೆಕ್ಕ